ಅತಿ ಉಪಚಾರದ ಪರದೆ

ಟಿ.ವಿ.ಯನ್ನು ಕಂಪ್ಯೂಟರಿನ ಮಾನಿಟರಾಗಿ ಬಳಸುವುದು ಬಲು ಸುಲಭವೆಂದು ಹೇಳುವವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಎಚ್‌ಡಿಎಂಐ ಕೇಬಲ್ಲಿನ ಒಂದು ತುದಿಯನ್ನು ಲ್ಯಾಪ್‌ಟಾಪಿಗೂ ಇನ್ನೊಂದನ್ನು ಟಿ.ವಿ.ಯ ಬೆನ್ನಿಗೂ ಸಿಕ್ಕಿಸಿ, ರಿಮೋಟಿನಲ್ಲಿ ಇನ್‌ಪುಟ್ ಬದಲಾಯಿಸಿದರೆ ಚಿತ್ರ ಬರುತ್ತದೆ. ತೊಡಕು ಶುರುವಾಗುವುದು ಚಿತ್ರ ಬಂದ ಮೇಲೆ. ಮಾನಿಟರ್ ಎಂಬುದು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ತೋರಿಸುವ, ಸ್ವಂತ ಅಭಿಪ್ರಾಯವಿಲ್ಲದ ಯಂತ್ರ. ಟಿ.ವಿ. ಹಾಗಲ್ಲ, ‘ಸಾಕು’ ಎಂದು ಎಲೆಗೆ ಅಡ್ಡವಾಗಿ ಕೈ ಹಿಡಿದರೂ ಬೆರಳ ಸಂದಿಯಲ್ಲಿ ಪಾಯಸ ಸುರಿಯುವ ಮದುವೆಮನೆಯ ಹಿರಿಯರ ಸ್ವಭಾವ ಅದರದು. ಬಂದ ಚಿತ್ರವನ್ನು ಹಿಗ್ಗಿಸಿ, ಬಣ್ಣ ತುಂಬಿ, ಅಂಚು ತೀಡಿ, ಚೆಂದ ಮಾಡದೆ ಅದು ಬಡಿಸುವುದೇ ಇಲ್ಲ.

ಕೊಡಗಿನ ಸೋಮವಾರಪೇಟೆಯ ಆಸುಪಾಸಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಈ ಪದ್ಧತಿ ಹೆಚ್ಚಾದದ್ದು 2020ರ ನಂತರ. ಬೆಂಗಳೂರಿನ ಕಂಪನಿಗಳ ಕೆಲಸವನ್ನು ಮನೆಗೇ ಹೊತ್ತು ತಂದ ಮಕ್ಕಳು ಮಾನಿಟರನ್ನು ಅಲ್ಲಿಯೇ ಬಿಟ್ಟು ಬಂದಿದ್ದರು. ಹಜಾರದ ಗೋಡೆಯಲ್ಲಿ ಮಾತ್ರ ದೊಡ್ಡದೊಂದು ಪರದೆ ಹಗಲೆಲ್ಲ ಸುಮ್ಮನೆ ನೇತಾಡುತ್ತಿತ್ತು. ಮಕ್ಕಳು ಮರಳಿ ಹೋದರೂ ಕೇಬಲ್ ಉಳಿಯಿತು, ಮತ್ತು ನಮ್ಮಂಥ ಹಿರಿಯರು ತೋಟದ ಲೆಕ್ಕವನ್ನು ಅದರಲ್ಲಿ ನೋಡಲು ಕಲಿತೆವು.

ಹಾಗೆಂದು ಇದು ಹೊಸ ತಲೆಮಾರಿನ ಆವಿಷ್ಕಾರವೇನೂ ಅಲ್ಲ. ಮನೆಗೆ ಬಂದ ಮೊದಲ ಕಂಪ್ಯೂಟರುಗಳಲ್ಲಿ ಬಹುಪಾಲು ಟಿ.ವಿ.ಯನ್ನೇ ನಂಬಿಕೊಂಡು ಹುಟ್ಟಿದವು. 1982ರಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಮತ್ತು ಕಮೋಡೋರ್ 64 ತಮ್ಮ ಚಿತ್ರವನ್ನು ಟಿ.ವಿ.ಯ ಆಂಟೆನಾ ಕಿಂಡಿಯ ಮೂಲಕ ಕಳುಹಿಸುತ್ತಿದ್ದವು, ಟಿ.ವಿ.ಯ ಪಾಲಿಗೆ ಅವು ಇನ್ನೊಂದು ಚಾನೆಲ್, ಅಷ್ಟೇ. ಅಂದಿನ ಟಿ.ವಿ.ಗಳಲ್ಲಿ ಸಣ್ಣ ಅಕ್ಷರ ನಿಲ್ಲುತ್ತಿರಲಿಲ್ಲವಾದ್ದರಿಂದ ಸ್ಪೆಕ್ಟ್ರಮ್ ಒಂದು ಸಾಲಿಗೆ 32 ಅಕ್ಷರಗಳಿಗೂ ಕಮೋಡೋರ್ 40 ಅಕ್ಷರಗಳಿಗೂ ತೃಪ್ತಿಪಟ್ಟುಕೊಂಡವು. ಕಚೇರಿಯ ಕೆಲಸಕ್ಕೆ ಸಾಲಿಗೆ 80 ಅಕ್ಷರ ಬೇಕೆಂದಾಗಲೇ ಪ್ರತ್ಯೇಕ ಮಾನಿಟರಿನ ಅಗತ್ಯ ಕಂಡದ್ದು. ಟಿ.ವಿ.ಯೂ ಕಂಪ್ಯೂಟರೂ ಹೀಗೆ ಅಕ್ಷರದ ವಿಷಯಕ್ಕೆ ಬೇರೆಯಾದವು, ಮತ್ತು ಅವನ್ನು ಮತ್ತೆ ಒಂದುಗೂಡಿಸಲು ಹೊರಟಾಗ ಮೊದಲು ಎದುರಾಗುವುದೂ ಅಕ್ಷರವೇ.

ಅದಕ್ಕಿಂತ ಮೊದಲು ಅಂಚಿನ ಮಾತು ಹೇಳಿಬಿಡಬೇಕು. ಕೇಬಲ್ ಸಿಕ್ಕಿಸಿದ ಕೂಡಲೇ ಅನೇಕ ಟಿ.ವಿ.ಗಳಲ್ಲಿ ಪರದೆಯ ಕೆಳಗಿನ ಪಟ್ಟಿ ಅರ್ಧ ಮುಳುಗಿರುತ್ತದೆ. ಗಡಿಯಾರವೂ ಸ್ಟಾರ್ಟ್ ಬಟನ್ನೂ ಚೌಕಟ್ಟಿನ ಆಚೆಗೆ ಜಾರಿರುತ್ತವೆ. ಓವರ್‌ಸ್ಕ್ಯಾನ್ ಎನ್ನುವ ಈ ಅಭ್ಯಾಸ ಹಳೆಯ ಪಿಕ್ಚರ್ ಟ್ಯೂಬಿನ ಕಾಲದ ಪಿತ್ರಾರ್ಜಿತ ಆಸ್ತಿ. ಆ ಟ್ಯೂಬುಗಳಲ್ಲಿ ವೋಲ್ಟೇಜ್ ಇಳಿದರೆ ಚಿತ್ರವೂ ಕುಗ್ಗಿ ಸುತ್ತಲೂ ಕಪ್ಪು ಅಂಚು ಕಾಣುತ್ತಿತ್ತು, ಟಿ.ವಿ.ಯ ಪಕ್ಕದಲ್ಲಿ ಗುಂಯ್‌ಗುಡುತ್ತಿದ್ದ ಸ್ಟೆಬಿಲೈಸರನ್ನು ನೋಡಿ ಬೆಳೆದ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಥ ಕುಗ್ಗುವಿಕೆ ಕಣ್ಣಿಗೆ ಬೀಳದಿರಲಿ ಎಂದು ತಯಾರಕರು ಚಿತ್ರವನ್ನು ಮೊದಲೇ ಚೌಕಟ್ಟಿಗಿಂತ ಒಂದಿಷ್ಟು ದೊಡ್ಡದಾಗಿ ಮೂಡಿಸುತ್ತಿದ್ದರು. ಟ್ಯೂಬ್ ಹೋಯಿತು, ವೋಲ್ಟೇಜಿಗೆ ಹೆದರದ ಚಪ್ಪಟೆ ಪರದೆ ಬಂತು, ಆದರೂ ಹಳೆಯ ಎಚ್ಚರಿಕೆ ಮಾತ್ರ ಮೆನುವಿನೊಳಗೆ ಹಾಗೆಯೇ ಉಳಿದುಕೊಂಡಿದೆ. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’ ಎಂದು ಬೇರೆ ಬೇರೆ ಹೆಸರಿನಲ್ಲಿ ಅಡಗಿರುವ ಆ ಆಯ್ಕೆಯನ್ನು ಹುಡುಕಿ ಒತ್ತಿದರೆ ಗಡಿಯಾರ ಮರಳಿ ಬರುತ್ತದೆ.

ಇನ್ನು ಅಕ್ಷರ. ಅಂಗಡಿಯಲ್ಲಿ ‘ಎಚ್‌ಡಿ ರೆಡಿ’ ಎಂದು ಮಾರುವ 32 ಇಂಚಿನ ಟಿ.ವಿ.ಯಲ್ಲಿ ಸಾಮಾನ್ಯವಾಗಿ ಇರುವುದು ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳು. ಒಂದೊಂದು ಚುಕ್ಕೆಯ ಅಗಲ ಸುಮಾರು ಅರ್ಧ ಮಿಲಿಮೀಟರ್ ಆಯಿತು. 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಅದು ಕಾಲು ಮಿಲಿಮೀಟರಿಗಿಂತ ತುಸುವೇ ಹೆಚ್ಚು. ಹತ್ತು ಅಡಿ ದೂರದ ಸೋಫಾದಿಂದ ಧಾರಾವಾಹಿ ನೋಡುವಾಗ ಈ ವ್ಯತ್ಯಾಸ ಯಾರಿಗೂ ಬೇಕಾಗಿಲ್ಲ. ಮೇಜಿನ ಮುಂದೆ ಕುಳಿತು ಓದುವಾಗ ಬೇಕಾಗುತ್ತದೆ. ಅದರಲ್ಲಿಯೂ ಇಂಗ್ಲಿಷಿನ ನೆಟ್ಟಗಿನ ಅಕ್ಷರಗಳು ಹೇಗೋ ಸುಧಾರಿಸಿಕೊಂಡಾವು, ಆದರೆ ನಮ್ಮ ದುಂಡಕ್ಷರಗಳಿಗೆ ಆ ಒರಟು ಚುಕ್ಕೆಗಳು ಸಾಲುವುದಿಲ್ಲ. ‘ರಾಷ್ಟ್ರ’ದ ಕೆಳಗೆ ಒಂದರಡಿ ಒಂದು ಕುಳಿತ ಒತ್ತಕ್ಷರಗಳು ಇರುವೆಯ ಗೂಡಿನಂತಾಗುತ್ತವೆ. ಮಹಾಪ್ರಾಣದ ಕೆಳಗಿನ ಪುಟ್ಟ ಸೀಳು ಮುಚ್ಚಿಹೋಗಿ, ಧನಸಹಾಯ ಕೋರಿ ಬರೆದ ಅರ್ಜಿ ಪರದೆಯ ಮೇಲೆ ದನಸಹಾಯದ ಅರ್ಜಿಯಾಗಿಬಿಡುತ್ತದೆ. ಹಾಗಾಗಿ ಕನ್ನಡದಲ್ಲಿ ಬರೆಯುವ ಕೆಲಸವಿರುವವರು ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆಗಳಿರುವ 4ಕೆ ಟಿ.ವಿ.ಯನ್ನೇ ನೋಡಬೇಕೆಂಬುದು ನನ್ನ ಹಟ. 43 ಇಂಚಿನ 4ಕೆ ಪರದೆಯಲ್ಲಿ ಚುಕ್ಕೆಯ ಅಗಲ ಕಾಲು ಮಿಲಿಮೀಟರಿಗೆ ಇಳಿಯುತ್ತದೆ. ಒಳ್ಳೆಯ ಮಾನಿಟರಿಗೆ ಅದು ಸರಿಸಮ.

ಅಂಥ ಪರದೆಯಲ್ಲಿ ಮಳೆಯ ಪಟ್ಟಿಯೊಂದನ್ನು ತೆರೆದು ನೋಡುವ ಸುಖವೇ ಬೇರೆ. ಕೊಡಗಿನ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ, ಇಂಚಿಗೆ ನೂರು ಸೆಂಟಿನಂತೆ, ದಿನವೂ ಬರೆದಿಡುವವರು. ಕಾಫಿ ಗಿಡಕ್ಕೆ ಹೂ ಬಿಡಿಸುವ ಹೂಮಳೆ ಯಾವ ದಿನ ಬಂತು, ಎಷ್ಟು ಸೆಂಟ್ ಬಂತು, ಅದರ ಬೆನ್ನಿಗೆ ಬೀಳಬೇಕಾದ ಬ್ಯಾಕಿಂಗ್ ಮಳೆಗೆ ಎಷ್ಟು ದಿನ ಕಾಯಬೇಕಾಯಿತು ಎಂಬುದರ ಮೇಲೆ ರೋಬಸ್ಟಾ ಕಾಫಿಯ ವರ್ಷವೇ ನಿಂತಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಮಾರ್ಚ್ ತಿಂಗಳನ್ನು ನೋಡುವಾಗ ಮೇ ತಿಂಗಳು ಬಲಕ್ಕೆ ಓಡಿಹೋಗಿರುತ್ತದೆ. 4ಕೆ ಟಿ.ವಿ.ಯಲ್ಲಿ ಹನ್ನೆರಡು ತಿಂಗಳೂ ಒಟ್ಟಿಗೆ ನಿಲ್ಲುತ್ತವೆ, ಹಿಂದಿನ ವರ್ಷಗಳು ಕೆಳಗೆ ಸಾಲಾಗಿ ಕೂರುತ್ತವೆ, ಪಕ್ಕದಲ್ಲಿ ಆಳುಗಳ ಹಾಜರಿ, ಕೂಲಿ ಬರೆಯುವ ಚೆಕ್‌ರೋಲಿಗೂ ಜಾಗ ಉಳಿಯುತ್ತದೆ.

ಆದರೆ 4ಕೆ ಎಂದ ಮಾತ್ರಕ್ಕೆ ಉಪಚಾರ ತಪ್ಪುವುದಿಲ್ಲ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಹಿಡಿದಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಹಿಡಿಯಲಾರದು. ಆ ದೌರ್ಬಲ್ಯವನ್ನು ನಂಬಿಕೊಂಡು ಸಿನಿಮಾ ಮತ್ತು ಪ್ರಸಾರದ ತಂತ್ರಜ್ಞರು ನಾಲ್ಕು ಚುಕ್ಕೆಗಳಿಗೆ ಒಂದೇ ಬಣ್ಣ ಹಂಚಿ ಜಾಗ ಉಳಿಸುತ್ತಾರೆ. ಅನೇಕ ಟಿ.ವಿ.ಗಳು ಕಂಪ್ಯೂಟರಿನಿಂದ ಬಂದ ಚಿತ್ರಕ್ಕೂ ಇದನ್ನೇ ಮಾಡುತ್ತವೆ. ಮನುಷ್ಯರ ಮುಖ, ಕಾಡು, ಆಕಾಶ ಇವುಗಳಲ್ಲಿ ಮೋಸ ಗೊತ್ತಾಗುವುದಿಲ್ಲ. ತೆಳುವಾದ ಬಣ್ಣದ ಅಕ್ಷರಗಳಲ್ಲಿ ಮಾತ್ರ ತಕ್ಷಣ ಸಿಕ್ಕಿಬೀಳುತ್ತದೆ. ಕಪ್ಪು ಅಂಕಿಗಳು ಸ್ಪಷ್ಟವಾಗಿದ್ದರೂ ಕೆಂಪು ಅಂಕಿಗಳು ಅಂಚು ಹರಡಿ ಮಸುಕಾಗುತ್ತವೆ. ಲೆಕ್ಕದ ಪಟ್ಟಿಯಲ್ಲಿ ಕೆಂಪಾಗಿರುವುದು ನಷ್ಟವೊಂದೇ ಆದ್ದರಿಂದ, ಮನೆಯವರಿಂದ ನಷ್ಟವನ್ನು ಮರೆಮಾಚುವ ಈ ಗುಣವನ್ನು ಕೆಲವರು ಸದ್ಗುಣವೆಂದೇ ಎಣಿಸಬಹುದು. ಬೇಡವೆನ್ನುವವರು ಆ ಇನ್‌ಪುಟ್ಟಿಗೆ ಮೆನುವಿನಲ್ಲಿ ‘ಪಿಸಿ’ ಎಂದು ಹೆಸರಿಡಬೇಕು. ಬರೀ ಹೆಸರು ಬದಲಿಸುವುದರಿಂದ ಏನಾದೀತು ಎಂದು ತೋರುವುದು ಸಹಜ; ಆದರೆ ಸ್ಯಾಮ್‌ಸಂಗ್ ಮತ್ತು ಎಲ್‌ಜಿಯ ಅನೇಕ ಟಿ.ವಿ.ಗಳು ಆ ಹೆಸರನ್ನು ಕಂಡೊಡನೆ ಪ್ರತಿ ಚುಕ್ಕೆಗೂ ಅದರ ಬಣ್ಣವನ್ನು ಒಪ್ಪಿಸಿಬಿಡುತ್ತವೆ. ಶಾರ್ಪ್‌ನೆಸ್ಸನ್ನೂ ಜೊತೆಯಲ್ಲೇ ಇಳಿಸುವುದು ಒಳ್ಳೆಯದು. ಅಕ್ಷರದ ಸುತ್ತ ಬಿಳಿಯ ಪ್ರಭಾವಳಿ ಮೂಡಿಸುವುದು ಅದೇ, ಮತ್ತು ಪ್ರಭಾವಳಿ ದೇವರಿಗೆ ಶೋಭಿಸುವಷ್ಟು ಚೆಕ್‌ರೋಲಿಗೆ ಶೋಭಿಸುವುದಿಲ್ಲ.

ಮೌಸ್ ಮುಂದೆ, ಬಾಣ ಹಿಂದೆ ಎನ್ನುವಂತಾದರೆ ಅದಕ್ಕೂ ಉಪಚಾರವೇ ಕಾರಣ: ಬಂದ ಚಿತ್ರವನ್ನು ತಿದ್ದಿ ತೀಡಲು ಟಿ.ವಿ. ಒಂದಿಷ್ಟು ಹೊತ್ತು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಆಟವಾಡುವ ವಯಸ್ಸು ಮೀರಿದವರೂ ಆ ತಿದ್ದುವಿಕೆಯನ್ನು ಕಡಿಮೆ ಮಾಡುವ ‘ಗೇಮ್ ಮೋಡ್’ ಹಾಕಿಕೊಳ್ಳಬೇಕಾಗಿ ಬರುವುದು ಇದರಿಂದಲೇ. ಕೇಬಲ್ಲು ಮತ್ತು ಕಿಂಡಿಯ ವಯಸ್ಸೂ ಮುಖ್ಯ. 2009ರ ಎಚ್‌ಡಿಎಂಐ 1.4 ತಲೆಮಾರು 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿ ಮಾತ್ರ ಕಳುಹಿಸಬಲ್ಲುದು, 60 ಬೇಕೆಂದರೆ 2013ರ 2.0 ಬೇಕು.

ಕೊಡಗಿನ ಹವೆಗೂ ಈ ಏರ್ಪಾಡಿಗೂ ಒಂದು ವಿಚಿತ್ರ ಹೊಂದಾಣಿಕೆಯಿದೆ. ಜುಲೈ–ಆಗಸ್ಟಿನ ಕಕ್ಕಡ ಮಾಸದ ಮಳೆ ಹಿಡಿದಾಗ ಡಿಶ್ ಆಂಟೆನಾ ಕೈಚೆಲ್ಲುತ್ತದೆ, ಏಕೆಂದರೆ ಉಪಗ್ರಹದಿಂದ ಇಳಿಯುವ ಹತ್ತು ಗಿಗಾಹರ್ಟ್ಸ್‌ಗೂ ಮೇಲಿನ ಆ ಅಲೆಗಳನ್ನು ದಪ್ಪ ಹನಿಗಳು ನಡುದಾರಿಯಲ್ಲೇ ಹೀರಿಬಿಡುತ್ತವೆ. ಹೊರಗೆ ಹೋಗಲಾಗದೆ ಲೆಕ್ಕಪತ್ರಕ್ಕೆ ಕುಳಿತುಕೊಳ್ಳಬೇಕಾದ ದಿನಗಳಲ್ಲಿಯೇ ಟಿ.ವಿ. ಹೀಗೆ ಖಾಲಿ ಸಿಗುತ್ತದೆ. ಕರೆಂಟೂ ಅದೇ ದಿನಗಳಲ್ಲಿ ಹೋಗುವುದರಿಂದ ಹಿಗ್ಗುವಂತಿಲ್ಲ. 24 ಇಂಚಿನ ಮಾನಿಟರ್ ಇಪ್ಪತ್ತೈದು ವಾಟ್ ಆಸುಪಾಸಿನಲ್ಲಿ ಮುಗಿಸುವ ಕೆಲಸಕ್ಕೆ ದೊಡ್ಡ ಟಿ.ವಿ. ಅದರ ಮೂರು ನಾಲ್ಕು ಪಟ್ಟು ಕೇಳುತ್ತದೆ, ಇನ್ವರ್ಟರಿನ ಬ್ಯಾಟರಿ ಅದನ್ನು ಲೆಕ್ಕ ಹಿಡಿಯುತ್ತದೆ. ಇನ್ನು ಏಪ್ರಿಲ್–ಮೇ ತಿಂಗಳಿನ ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಿತ್ತರೆ ಸಾಲದು. ಮಾಡಿನ ಮೇಲಿನ ಡಿಶ್ಶಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿ.ವಿ.ಗೆ, ಟಿ.ವಿ.ಯಿಂದ ಕಂಪ್ಯೂಟರಿಗೆ ತಂತಿಯ ದಾರಿ ಈಗ ಒಂದೇ ಆಗಿರುವುದರಿಂದ, ಎಚ್‌ಡಿಎಂಐ ಕೇಬಲ್ಲನ್ನೂ ಕಿತ್ತಿಡುವುದು ಲೇಸು.

ಮಾನಿಟರ್ ಒಬ್ಬರದು, ಟಿ.ವಿ. ಮನೆಯವರೆಲ್ಲರದು. ಅದರ ಮುಂದೆ ಕುಳಿತು ಒಂದು ಪತ್ರ ಬರೆಯಲು ತೊಡಗಿದರೆ, “ರೀ, ಎರಡನೇ ಸಾಲಿನಲ್ಲಿ ಅಷ್ಟು ದೈನ್ಯ ಯಾಕೆ? ‘ಬೇಡಿಕೊಳ್ಳುತ್ತೇನೆ’ ತೆಗೆದು ‘ಕೋರುತ್ತೇನೆ’ ಅಂತ ಹಾಕಿ” ಎಂದು ಅಡುಗೆಮನೆಯ ಬಾಗಿಲಿನಿಂದ ತಿದ್ದುಪಡಿ ಬರುತ್ತದೆ. ಸಲಹೆ ಸರಿಯಾಗಿಯೇ ಇರುತ್ತದೆ ಎನ್ನುವುದು ಇನ್ನೂ ಕಿರಿಕಿರಿ. ಬ್ಯಾಂಕಿನ ಖಾತೆಯನ್ನಂತೂ ತೆರೆಯುವ ಹಾಗೆಯೇ ಇಲ್ಲ. ಅಂಗಳದಲ್ಲಿ ಹಾದುಹೋಗುವವರಿಗೂ ಕಿಟಕಿಯಿಂದ ಮೊತ್ತ ಓದಲು ಬರುತ್ತದೆ. ಇದಕ್ಕೆ ವಿಂಡೋಸ್‌ನಲ್ಲಿ ಪರಿಹಾರವಿದೆ. ‘ಡುಪ್ಲಿಕೇಟ್’ ಬಿಟ್ಟು ‘ಎಕ್ಸ್‌ಟೆಂಡ್’ ಆರಿಸಿಕೊಂಡರೆ ಎರಡು ಪರದೆಗಳು ಬೇರೆ ಬೇರೆಯಾಗಿ, ಖಾಸಗಿಯದು ಲ್ಯಾಪ್‌ಟಾಪಿನಲ್ಲೂ ಊರಿಗೆ ಗೊತ್ತಾದರೂ ಪರವಾಗಿಲ್ಲದ್ದು ಟಿ.ವಿ.ಯಲ್ಲೂ ನಿಲ್ಲುತ್ತವೆ.

ಆದರೆ ಸಂಜೆಯಾಗಿ ಯಾರಾದರೂ ರಿಮೋಟಿನಿಂದ ಸೆಟ್‌ಟಾಪ್ ಬಾಕ್ಸಿಗೆ ಬದಲಾಯಿಸಿಕೊಂಡರೆ ಅದನ್ನು ಕಂಪ್ಯೂಟರಿಗೆ ತಿಳಿಸುವವರು ಅನೇಕ ಟಿ.ವಿ.ಗಳಲ್ಲಿ ಯಾರೂ ಇರುವುದಿಲ್ಲ. ಎರಡನೇ ಪರದೆ ಇನ್ನೂ ತನ್ನದೇ ಎಂದು ನಂಬಿಕೊಂಡು ಅದು ಕಡತಗಳನ್ನು ಅಲ್ಲಿಯೇ ತೆರೆಯುತ್ತಿರುತ್ತದೆ. ಮೌಸಿನ ಬಾಣ ಲ್ಯಾಪ್‌ಟಾಪಿನ ಬಲಗಡೆಯ ಅಂಚು ದಾಟಿ ಕಣ್ಮರೆಯಾಗುತ್ತದೆ. ತೋಟದ ಲೆಕ್ಕ ಆಗ ಇರುವುದು ಧಾರಾವಾಹಿಯ ಹಿಂದೆ. ಅದನ್ನು ಈಚೆಗೆ ಎಳೆದುಕೊಳ್ಳಲು ಕೀಲಿಮಣೆಯಲ್ಲಿ ದಾರಿಯಿದೆಯೆಂದು ಸೋದರಳಿಯ ತೋರಿಸಿಕೊಟ್ಟಿದ್ದಾನೆ, “ವಿಂಡೋಸ್ ಕೀ, ಶಿಫ್ಟ್, ಬಾಣದ ಗುರುತು, ಮೂರೂ ಒಟ್ಟಿಗೆ ಒತ್ತಿ ಮಾವ” ಎಂದು. ಆ ಮೂರು ಕೀಲಿಗಳು ನೆನಪಾಗದ ದಿನ, ಜಾಹೀರಾತು ಬರುವವರೆಗೆ ಕಾದು, ಮನೆಯವರ ಅಪ್ಪಣೆ ಪಡೆದು, ಇನ್‌ಪುಟ್ ಬದಲಾಯಿಸಿಕೊಳ್ಳಬೇಕಾಗುತ್ತದೆ.