9 ವರ್ಷ ಬಾಡಿಗೆ ಕಟ್ಟಿದ್ದು ಲೆಕ್ಕಕ್ಕೇ ಇಲ್ವಂತೆ

ನಿನ್ನೆ ಮನೆ ಸಾಲದ ವಿಚಾರ ಕೇಳಲು ಬ್ಯಾಂಕಿಗೆ ಹೋಗಿದ್ದೆ. ಅಲ್ಲಿಂದ ಬಂದಾಗಿನಿಂದ ತಲೆ ಕೆಟ್ಟು ಕೂತಿದ್ದೇನೆ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ಇವತ್ತೂ ನಿದ್ದೆ ಬರಲ್ಲ.

ನಾವು ಬಾಡಿಗೆ ಮನೆಯಲ್ಲಿರುವುದು 9 ವರ್ಷದಿಂದ. ಇದು ಮೂರನೇ ಮನೆ. ಇಷ್ಟು ವರ್ಷದಲ್ಲಿ ಒಂದು ತಿಂಗಳು, ಒಂದೇ ಒಂದು ತಿಂಗಳು ಬಾಡಿಗೆ ತಪ್ಪಿಸಿಲ್ಲ. ನನ್ನ ಕೆಲಸ ಹೋಗಿ ನಾಲ್ಕು ತಿಂಗಳು ಮನೆಯಲ್ಲೇ ಕೂತಿದ್ದಾಗಲೂ, ಕೂಡಿಟ್ಟ ದುಡ್ಡನ್ನು ಮುರಿದು, ಹೊಸ ಬಟ್ಟೆ ಊರು ಸುತ್ತಾಟ ಎಲ್ಲ ಬಿಟ್ಟು, 5ನೇ ತಾರೀಖಿನ ಒಳಗೆ ಮಾಲೀಕರ ಖಾತೆಗೆ ಹಾಕಿದ್ದೇವೆ. ಅದರ ರಸೀದಿ, ಕರಾರು ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಒಂದು ಫೈಲಿಗೆ ಸೇರಿಸಿ, ರಬ್ಬರ್ ಬ್ಯಾಂಡ್ ಹಾಕಿಕೊಂಡು ಜಂಬದಿಂದಲೇ ಹೋಗಿದ್ದೆ.

ಬ್ಯಾಂಕಿನ ಹುಡುಗ ಕಂಪ್ಯೂಟರ್ ನೋಡಿದ. ಮತ್ತೆ ನೋಡಿದ. "ಸರ್, ನಿಮ್ಗೆ ಕ್ರೆಡಿಟ್ ಸ್ಕೋರೇ ಇಲ್ವಲ್ಲ. ಹಿಂದೆ ಯಾವ ಸಾಲಾನೂ ತಗೊಂಡಿಲ್ವಾ?" ಹಿಂದಿನ ಸಾಲ ಹೇಗೆ ತೀರಿಸಿದ್ದೇವೆ ಅಂತ ನೋಡಿ ಕೊಡುವ ಅಂಕವಂತೆ ಅದು.

ಇಲ್ಲಪ್ಪ, ಸಾಲ ಮಾಡಬಾರದು ಅಂತ ಕ್ರೆಡಿಟ್ ಕಾರ್ಡೂ ಇಟ್ಟುಕೊಂಡಿಲ್ಲ ಅಂದೆ.

"ಅದೇ ಪ್ರಾಬ್ಲಂ ಸರ್."

ಫೈಲು ಮುಂದೆ ತಳ್ಳಿದೆ. ರಬ್ಬರ್ ಬ್ಯಾಂಡ್ ಕೂಡ ತೆಗೆಯಲಿಲ್ಲ ಪುಣ್ಯಾತ್ಮ. ಬಾಡಿಗೆ ಸ್ಕೋರಿಗೆ ಬರಲ್ಲ ಸರ್ ಅಂತ ಹಾಗೇ ವಾಪಸ್ ತಳ್ಳಿದ. ಆಮೇಲೆ ಬಹಳ ಕನಿಕರದಿಂದ ಒಂದು ಉಪಾಯ ಹೇಳಿಕೊಟ್ಟ. ಒಂದು ಫೋನೋ ಟಿವಿಯೋ ಕಂತಿನಲ್ಲಿ ತಗೊಳ್ಳಿ, 6 ತಿಂಗಳು ಸರಿಯಾಗಿ ಕಟ್ಟಿ, ಆಮೇಲೆ ಬನ್ನಿ.

ಅಂದರೆ 108 ತಿಂಗಳು ಬಾಡಿಗೆ ಕಟ್ಟಿದವನನ್ನು ನಂಬಲ್ಲ, ಬೇಡದ ಫೋನಿಗೆ 6 ತಿಂಗಳು ಕಂತು ಕಟ್ಟಿದವನನ್ನು ನಂಬುತ್ತಾರೆ. ನಾನು ಕೇಳಿದ ಸಾಲದ ತಿಂಗಳ ಕಂತು (ಇಎಂಐ) ಈಗಿನ ಬಾಡಿಗೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದನ್ನು ಕಟ್ಟುವ ಯೋಗ್ಯತೆ ಇದೆಯೋ ಇಲ್ಲವೋ ಅಂತ ನೋಡಲು ಇದಕ್ಕಿಂತ ಏನು ಬೇಕಿತ್ತು? ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನೂ ಬಾಡಿಗೆ ಮನೆಯಲ್ಲೇ ಇರಬಹುದು.

ಸರಿ, ಸ್ಕೋರ್ ಬಂತು ಅಂತಲೇ ಇಟ್ಟುಕೊಳ್ಳಿ. ಮುಂದಿನದು ಡೌನ್ ಪೇಮೆಂಟ್. ಮನೆ ಬೆಲೆ 100 ಅಂದರೆ ಅವರು 80 ಕೊಡುತ್ತಾರಂತೆ, 20 ನಾವು ಹಾಕಬೇಕು. ನೋಂದಣಿ, ವಕೀಲರು, ಬ್ರೋಕರು, ಸಾಲದ ಅರ್ಜಿ ನೋಡಿದ್ದಕ್ಕೆ ಬ್ಯಾಂಕಿನವರದೇ ಒಂದು ಫೀಸು, ಇವೆಲ್ಲ ಬೇರೆ. ಆ 20 ಕೂಡಿಸೋಣ ಅಂತ ಹೊರಟರೆ ಸಂಬಳದ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ. ಅಷ್ಟರಲ್ಲಿ ಆ 100ರ ಮನೆ 110 ಆಗಿರುತ್ತದೆ. ಈಗ ನಾವು ಹಾಕಬೇಕಾದ್ದು 22, ಮಾಡಬೇಕಾದ ಸಾಲ 88. ಹೊರಟ ಬಸ್ಸಿನ ಹಿಂದೆ ಓಡಿದ ಹಾಗೆ, ಇನ್ನೇನು ಕಂಬಿ ಸಿಕ್ಕಿತು ಅನ್ನುವಷ್ಟರಲ್ಲಿ ಡ್ರೈವರ್ ಗೇರು ಬದಲಾಯಿಸುತ್ತಾನೆ.

ಇದರ ನಡುವೆ ಬುದ್ಧಿ ಹೇಳುವವರ ಕಾಟ. ಸಿಕ್ಕಾಗಲೆಲ್ಲ ನಮ್ಮ ಚಿಕ್ಕಪ್ಪನದು ಒಂದೇ ಮಾತು, "ಬಾಡಿಗೆ ಕಟ್ಟೋದು ಅಂದ್ರೆ ಹೊಳೇಲಿ ಹುಣಸೆಹಣ್ಣು ತೊಳ್ದ ಹಾಗೆ ಕಣೋ. ಅದೇ ದುಡ್ಡು ಸಾಲಕ್ಕೆ ಕಟ್ಟಿದ್ರೆ ಮನೆ ನಿಂದಾಗ್ತಿತ್ತು." ಅವರು ಮನೆ ತಗೊಂಡ ಕಾಲ ಬೇರೆ, ಅದನ್ನು ಅವರಿಗೆ ಹೇಳುವ ಹಾಗಿಲ್ಲ.

ನಿನ್ನೆ ರಾತ್ರಿ ಸಿಟ್ಟಿಗೆ ನಾನೂ ನನ್ನ ಹೆಂಡತಿಯೂ ಲೆಕ್ಕ ಹಾಕಿ ನೋಡಿದೆವು. ಶೇ 8.5 ಬಡ್ಡಿಗೆ 20 ವರ್ಷದ ಸಾಲ. 100 ತೆಗೆದುಕೊಂಡರೆ ಕೊನೆಗೆ ಕಟ್ಟಿರುವುದು 208. ಅದು ಹೋಗಲಿ, ಗೊತ್ತಿದ್ದದ್ದೇ. ಮೊದಲ 5 ವರ್ಷದಲ್ಲಿ 52 ಕಟ್ಟಿರುತ್ತೇವೆ, ಅಸಲು ಇಳಿದಿರುವುದು ಬರೀ 12! ಉಳಿದ 40 ಬಡ್ಡಿಗೆ. ಅಸಲಿನಲ್ಲಿ ಅರ್ಧ ತೀರಲು ಹತ್ತಿರ ಹತ್ತಿರ 14 ವರ್ಷ ಬೇಕು. ಹೆಂಡತಿ ಎರಡು ಸಲ ಲೆಕ್ಕ ಹಾಕಿದಳು, ನಾನೇ ತಪ್ಪು ಒತ್ತಿದ್ದೇನೆ ಅಂದುಕೊಂಡು. ಸಾಲ ತಗೊಂಡ ಕೂಡಲೇ ಬಡ್ಡಿ ಶೇ 8.5ರಿಂದ 9.5ಕ್ಕೆ ಏರಿ, ಕಂತು ಅಷ್ಟೇ ಇಟ್ಟುಕೊಂಡರೆ, 20 ವರ್ಷದ ಸಾಲ 25 ವರ್ಷ ದಾಟುತ್ತದೆ. ಈಗ ಹೇಳಿ ಚಿಕ್ಕಪ್ಪ, ಇದ್ಯಾವ ಹೊಳೆ?

ಹಾಗಂತ ಮನೆ ಬೇಡ ಅಂತೀಯಾ ಅಂದರೆ, ಬೇಕು. ಬೇಕೇ ಬೇಕು. ಹಿಂದಿನ ಮನೆ ಬಿಡುವಾಗ ಮಾಲೀಕರು ಟಾರ್ಚ್ ಹಿಡಿದುಕೊಂಡು ಗೋಡೆಯಲ್ಲಿ ಮೊಳೆ ತೂತು ಎಣಿಸಿದ್ದರು. 11 ಸಿಕ್ಕವು. ಅದರಲ್ಲಿ 7 ನಾವು ಬರುವ ಮೊದಲೇ ಇದ್ದವು, ಯಾರು ಕೇಳುತ್ತಾರೆ? ಬಣ್ಣದ ಖರ್ಚು ಅಂತ ಅಡ್ವಾನ್ಸ್‌ನಲ್ಲಿ ಮುರಿದುಕೊಂಡೇ ಕೊಟ್ಟರು. ಈ ಮನೆಯಲ್ಲಿ ಮೊಳೆ ಹೊಡೆಯುವ ಹಾಗೇ ಇಲ್ಲ, ಕರಾರಿನಲ್ಲೇ ಬರೆದಿದೆ. ನಮ್ಮ ಮದುವೆ ಫೋಟೋ ಎರಡು ವರ್ಷದಿಂದ ಫ್ರಿಜ್ ಮೇಲೆ ಗೋಡೆಗೆ ಒರಗಿಕೊಂಡು ಕೂತಿದೆ. ಬಾಗಿಲು ಜೋರಾಗಿ ಹಾಕಿದರೆ ಬೀಳುತ್ತದೆ. ಗಾಜು ಒಂದು ಸಲ ಬದಲಾಯಿಸಿಯೂ ಆಯಿತು.

ಇದನ್ನು ಬರೆಯುತ್ತಿರುವಾಗಲೇ ಮಾಲೀಕರ ಮೆಸೇಜು ಬಂತು. ಮುಂದಿನ ತಿಂಗಳಿಂದ ಬಾಡಿಗೆ ಜಾಸ್ತಿ ಮಾಡುತ್ತಾರಂತೆ. 'ಸರಿ ಸರ್' ಅಂತ ಕಳಿಸಿದೆ. ಬೇರೆ ಏನು ಹೇಳಲಿ?

ನಾಳೆ ಫೋನ್ ತರಲು ಹೋಗುತ್ತಿದ್ದೇನೆ. 6 ಕಂತು. ಮೂಲೆಯಲ್ಲಿ ಸ್ವಲ್ಪ ಬಿರುಕು ಬಿಟ್ಟಿದೆ ಅನ್ನೋದು ಬಿಟ್ಟರೆ ಚೆನ್ನಾಗೇ ಇರುವ ಹಳೇ ಫೋನು ಯಾರಿಗಾದರೂ ಬೇಕಿದ್ದರೆ ಹೇಳಿ.