ಒಂದು ಚಿಟಿಕೆ ಮರಳು

ಅಂಟಿಕೊಂಡ ಕೊಳವೆಯ ಸುತ್ತ ಜನ ಸೇರುವಷ್ಟು ಬೇಗ ಅಂತರಗಂಗೆಯ ಮೆಟ್ಟಿಲ ಮೇಲೂ ಸೇರುವುದಿಲ್ಲ. ಕೋಲಾರದ ಯಾವುದಾದರೂ ತಾರಸಿಯ ಮೇಲೆ ವಿಂಡ್‌ಸರ್ಫಿಂಗಿನ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಮಾಸ್ಟಿನ, ಅಂದರೆ ಎರಡು ತುಂಡಿನ ಹಾಯಿಕಂಬದ, ಎರಡು ತುದಿ ಹಿಡಿದು ಇಬ್ಬರು ಹಿಂದಕ್ಕೆ ವಾಲಿ ಎಳೆಯುತ್ತಿದ್ದರೆ ಸಾಕು. ಎದುರು ಮನೆಯ ಮಾವ, ಕೆಳಮನೆಯ ಬಾಡಿಗೆಯವರು, ಹಾಲಿನ ಹುಡುಗ, ಎಲ್ಲರೂ ಹಾಜರು. ಎಲ್ಲರ ಬಾಯಲ್ಲೂ ಒಂದೇ ಮದ್ದು: “ಒಂಚೂರು ಎಣ್ಣೆ ಬಿಡಿ ಸಾರ್.”

ಗಾಳಿ, ನೀರು, ಮನುಷ್ಯ ಈ ಮೂರರ ಬಗ್ಗೆ ಏನೋ ದೊಡ್ಡ ಮಾತು ಹೇಳುವುದಿತ್ತು. ಮೊದಲು ಈ ಕೊಳವೆ ಬಿಡಲಿ.

ಎಣ್ಣೆಯ ಮೇಲಿನ ಈ ನಂಬಿಕೆ ಎಲ್ಲಿಂದ ಬಂತೋ. ಕೀಲು ಕಿರುಗುಟ್ಟಿದರೆ ಎಣ್ಣೆ, ಬೀಗ ತೆಗೆಯದಿದ್ದರೆ ಎಣ್ಣೆ, ನೆತ್ತಿ ಬಿಸಿಯಾದರೆ ಎಣ್ಣೆ. ಮಾಸ್ಟಿನಲ್ಲಿ ಮಾತ್ರ ಎಣ್ಣೆ ಬಿಟ್ಟವನು ಕೆಟ್ಟ. ಒಂದು ತುಂಡಿನ ತುದಿ ಇನ್ನೊಂದರ ಹೊಟ್ಟೆಯೊಳಗೆ ಹೋಗಿ ಕೂರುವಾಗ ನಡುವೆ ಉಳಿಯುವ ಸಂದು ಕೂದಲೆಳೆಯಷ್ಟು. ದಡದಲ್ಲಿ ಜೋಡಿಸುವಾಗ ನಾಲ್ಕು ಕಾಳು ಮರಳು ಆ ಸಂದಿಗೆ ಇಳಿದರೆ, ಎಳೆದಷ್ಟೂ ಅವು ಬೆಣೆಯ ಹಾಗೆ ಕಚ್ಚಿಕೊಳ್ಳುತ್ತವೆ. ಒಣ ಮರಳು ನೀರು ಹಾಕಿದರೆ ಹರಿದುಹೋಗುತ್ತದೆ. ಎಣ್ಣೆ ಕುಡಿದ ಮರಳು ಹೋಗುವುದಿಲ್ಲ, ಅಲ್ಲೇ ಅಂಟಿ ಕೂತು ಅರೆಯುತ್ತದೆ. ಹಾಯಿಯನ್ನು ಕೈಯಲ್ಲಿ ಹಿಡಿಯುವ ಅಡ್ಡಗೊಳವೆಯಾದ ಬೂಮಿನ ಹಿಂಭಾಗದ ಉದ್ದ ಹೆಚ್ಚು ಕಡಿಮೆ ಮಾಡುವ ಕೊಳವೆಗೂ ಇದೇ ಮಾತು: ಗ್ರೀಸ್ ಬೇಡ, ಸಿಹಿನೀರು ಸಾಕು.

ಎಣ್ಣೆಯವರಾದರೂ ವಾಸಿ. ಬೋರ್‌ವೆಲ್ ರಿಪೇರಿಯವರು ಬಂದರೆ ಮಾಸ್ಟಿನ ಕಥೆ ಮುಗಿದಂತೆ. ಅವರ ಕೈಚಳಕಕ್ಕೆ ಕೈ ಮುಗಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಸಾವಿರ ಅಡಿ ಆಳಕ್ಕೆ ಇಳಿಬಿಟ್ಟ ಮೋಟರನ್ನು ಮೇಲೆತ್ತಬೇಕೆಂದರೆ, ಇಪ್ಪತ್ತಡಿಯ ಜಿಐ ಪೈಪುಗಳು ಒಂದಲ್ಲ ಎರಡಲ್ಲ, ಐವತ್ತು. ಮೂರು ಕಾಲಿನ ಕಂಬ ನಿಲ್ಲಿಸಿ, ಚೈನ್ ಬ್ಲಾಕು ತೂಗುಹಾಕಿ ಒಂದು ಪೈಪಿನಷ್ಟು ಎತ್ತುತ್ತಾರೆ. ಕೆಳಗಿನದು ಜಾರಿ ಪಾತಾಳಕ್ಕೆ ಹೋಗದ ಹಾಗೆ ಬಾಯಿಯ ಹತ್ತಿರ ಕ್ಲ್ಯಾಂಪು ಬಿಗಿಯುತ್ತಾರೆ. ಆಮೇಲೆ ಸಾಕೆಟ್ಟಿನ ಸುತ್ತ ಸುತ್ತಿಗೆಯಲ್ಲಿ ನಾಲ್ಕು ಏಟು: ತಿರುಪಿನ ಮರೆ (ಥ್ರೆಡ್ಡು) ಹಿಡಿದ ತುಕ್ಕು ಬಿರುಕು ಬಿಡಬೇಕು. ಅದಕ್ಕೂ ಜಗ್ಗದಿದ್ದರೆ ಬೆಂಕಿ ತೋರಿಸುತ್ತಾರೆ. ಕೊನೆಗೆ ತೋಳುದ್ದದ ಪೈಪ್ ರೆಂಚು ಕಚ್ಚಿಸಿ, ಅದರ ಹಿಡಿಗೆ ಇನ್ನೊಂದು ಪೈಪಿನ ತುಂಡು ತೊಡಿಸಿ, ಇಬ್ಬರು ನೇತಾಡಿದರೆ ಎಂಥ ಪೈಪೂ ಅಳುತ್ತಾ ತಿರುಗುತ್ತದೆ. ಇಂಥದ್ದು ಐವತ್ತು ಸಲ. ಅದಾದ ಮೇಲೆ ಮೋಟರು ಸುಟ್ಟಿಲ್ಲ, ಸುಟ್ಟದ್ದು ಕೇಬಲ್ಲು ಎಂದು ಗೊತ್ತಾಗುವುದು ಬೇರೆ ವಿಷಯ. ಹೊಲದ ಯಜಮಾನ ಆಗ ಯಾರ ಮುಖವನ್ನೂ ನೋಡುವುದಿಲ್ಲ, ಪೈಪುಗಳನ್ನೇ ಎಣಿಸುತ್ತಾ ಕೂರುತ್ತಾನೆ.

ಇಂಥ ಪಳಗಿದ ಕೈಗೆ ಎರಡು ಕೆಜಿ ಆಸುಪಾಸಿನ ಕಾರ್ಬನ್ ಮಾಸ್ಟು ಯಾವ ಲೆಕ್ಕ? “ಇಷ್ಟೇನಾ” ಅಂತ ರೆಂಚು ತೆಗೆದರೆ ಅಡ್ಡ ಬೀಳಬೇಕು. ಇಲ್ಲಿ ಮರೆಯೂ ಇಲ್ಲ, ತುಕ್ಕೂ ಇಲ್ಲ. ಜಿಐ ಪೈಪಿಗೆ ರೆಂಚಿನ ಹಲ್ಲು ಬಿದ್ದರೆ ಗುರುತು ಉಳಿಯುತ್ತದೆ ಅಷ್ಟೆ. ಮಾಸ್ಟಿಗೆ ಬಿದ್ದರೆ ಉದ್ದಕ್ಕೆ ಓಡುವ ಕಾರ್ಬನ್ ಎಳೆಗಳೇ ಕತ್ತರಿಸಿಹೋಗುತ್ತವೆ. ಬಾಗುವ ಭಾರವನ್ನೆಲ್ಲ ಹೊರುವುದು ಆ ಎಳೆಗಳು. ಅವತ್ತು ಏನೂ ಆಗುವುದಿಲ್ಲ. ದಡದಿಂದ ಅರ್ಧ ಕಿಲೋಮೀಟರ್ ಒಳಗೆ, ಗಾಳಿ ಜೋರಾದ ಹೊತ್ತಿನಲ್ಲಿ ‘ಟಪ್’ ಅನ್ನುತ್ತದೆ.

ಸರಿಯಾದ ದಾರಿ ನಿಧಾನದ್ದು. ಸಂದಿನ ಬಾಯಿ ಮೇಲಾಗುವ ಹಾಗೆ ಓರೆಯಾಗಿ ಹಿಡಿದು, ಸಂದಿಗೆ ಸೋಪಿನ ನೀರು ಬಿಡುತ್ತಾ ಅಂಗೈಯಿಂದ ಸುತ್ತಲೂ ತಟ್ಟಬೇಕು. ನಂತರ ಎಳೆಯುವುದಕ್ಕಿಂತ ಮೊದಲು ತಿರುಚಬೇಕು, ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ. ಕೈ ಜಾರಿದರೆ ರಬ್ಬರು ಹಿಡಿಯ ಕೈಗವಸು, ಇಲ್ಲವೇ ಹಳೆಯ ಸೈಕಲ್ ಟ್ಯೂಬು ಸುತ್ತಿ. ಆಗಲೂ ಬಿಡದಿದ್ದರೆ ಹೊರಗಿನ ಕೊಳವೆಯ ಮೇಲೆ ಮಾತ್ರ ಕೈ ತಡೆಯುವಷ್ಟು ಬಿಸಿನೀರು ಸುರಿದು ತಕ್ಷಣ ತಿರುಚಿ. ಕುದಿನೀರು, ಬೆಂಕಿ ಎರಡೂ ಬೇಡ, ಎಳೆಗಳನ್ನು ಹಿಡಿದಿಟ್ಟ ರಾಳ ಮೆತ್ತಗಾಗುತ್ತದೆ. ಇಷ್ಟೆಲ್ಲ ಪಾಡು ತಪ್ಪಿಸುವ ಉಪಾಯಕ್ಕೆ ಖರ್ಚೇ ಇಲ್ಲ: ಜೋಡಿಸುವ ಮುಂಚೆ ಎರಡೂ ತುದಿ ತೊಳೆದು ಒರೆಸಿ, ಜೋಡಿಸಿದ ಮೇಲೆ ಸಂದಿನ ಮೇಲೆ ಎರಡು ಸುತ್ತು ಇನ್ಸುಲೇಷನ್ ಟೇಪು. ಅದನ್ನೇ ಯಾರೂ ಮಾಡುವುದಿಲ್ಲ.

ಕೋಲಾರದಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರೂ ಇದ್ದಾರೆ. ಆಷಾಢದಲ್ಲಿ ಗಾಳಿಗೇನೂ ಬರವಿಲ್ಲ, ತಾರಸಿಯ ಪಂಚೆಯೇ ಹಾಯಿಯಾಗುತ್ತದೆ. 2018ರಿಂದ ಕೆ.ಸಿ. ವ್ಯಾಲಿಯ ನೀರು ಬಂದು ಎಷ್ಟೋ ಕೆರೆ ತುಂಬಿವೆ ನಿಜ. ಆದರೆ ಅದು ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಅಂತರ್ಜಲಕ್ಕೆಂದು ತಂದದ್ದು, ಮೈ ಅದ್ದುವುದಕ್ಕಲ್ಲ. ಹಾಗಾಗಿ ಚೆನ್ನೈ ಹತ್ತಿರದ ಕೋವಳಂ ಸಮುದ್ರವೇ ಗತಿ.

ವಾಪಸ್ ಬರುವಾಗ ಚಿತ್ತೂರು ದಾಟಿ ಪಲಮನೇರು ಘಟ್ಟ ಹತ್ತುವ ಮುಂಚೆ ಹಲಗೆಯ ಗಾಳಿ ತಿರುಪು (ಒಳಗಿನ ಗಾಳಿ ಹೊರಬಿಡುವ ಸಣ್ಣ ಸ್ಕ್ರೂ) ಸಡಿಲಿಸಿರಬೇಕು. ಕೋಲಾರ ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ, ಹೊರಗಿನ ಒತ್ತಡ ನೂರಕ್ಕೆ ಒಂಬತ್ತರಷ್ಟು ಕಡಿಮೆ. ಮೇಲಿಂದ ಬಿಸಿಲು ಬೇರೆ. ತಿರುಪು ಬಿಗಿಯಾಗಿದ್ದರೆ ಒಳಗಿನ ಗಾಳಿ ಹಿಗ್ಗಿ ಹಲಗೆಯ ಚರ್ಮ ಒಳಗಿನ ಥರ್ಮಾಕೋಲಿನಿಂದ ಎದ್ದು ಬರಬಹುದು. ನೀರಿಗಿಳಿಯುವ ಮುಂಚೆ ಅದನ್ನು ಬಿಗಿಯಲು ಮರೆತರೆ ಇನ್ನೊಂದು ಪಾಡು: ಕಾದ ಹಲಗೆ ತಣ್ಣಗಾಗುತ್ತಾ ನೀರನ್ನೇ ಹೀರುತ್ತದೆ.

ಹಲಗೆ ಒಡೆದರೆ ನೀರಿನ ಟ್ಯಾಂಕಿಗೆ ಪ್ಯಾಚು ಹಾಕುವವರ ಹತ್ತಿರ ಒಯ್ಯಬೇಡಿ. ಅವರ ಡಬ್ಬಿಯಲ್ಲಿರುವುದು ಪಾಲಿಯೆಸ್ಟರ್ ರಾಳ. ಅದರ ಸ್ಟೈರೀನು ಥರ್ಮಾಕೋಲನ್ನು ಕರಗಿಸಿ, ಮೇಲೆ ನುಣ್ಣಗೆ ಕಾಣುವ ತೇಪೆಯ ಕೆಳಗೆ ಗುಹೆ ಕೊರೆಯುತ್ತದೆ. ಬೇಕಾದದ್ದು ಎಪಾಕ್ಸಿ, ಅದೂ ಹಲಗೆ ಪೂರ್ತಿ ಒಣಗಿದ ಮೇಲೆ. ಮಾಸ್ಟಿನ ಬುಡದ ಮೆತ್ತನೆ ಕೀಲನ್ನು ಪ್ರತಿ ಸಲ ಪೂರ್ತಿ ಬಗ್ಗಿಸಿ ನೋಡಿ, ಬಿರುಕು ಕಂಡರೆ ಅವತ್ತೇ ಬದಲಿಸಿ. ಬಿಸಿಲು ಹಾಯಿಯನ್ನು ಹಾಳುಮಾಡುತ್ತದೆ, ಆದರೂ ಅಲ್ಲೇ ಒಣಹಾಕುವವರಿಗೆ ಹೇಳಲು ಏನೂ ಉಳಿದಿಲ್ಲ.

ಸಂಜೆ ಹೊತ್ತಿಗೆ, ನಾಲ್ಕನೆಯ ಚೊಂಬು ಬಿಸಿನೀರಿಗೆ ಮಾಸ್ಟು ‘ಪಕ್’ ಎಂದು ಬಿಡುತ್ತದೆ. ಸಂದಿನಿಂದ ಉದುರುವ ಮರಳು ಉಗುರಿನ ಮೇಲೆ ನಿಲ್ಲುವಷ್ಟೂ ಇರುವುದಿಲ್ಲ. ಎದುರು ಮನೆಯ ಮಾವ ಅದನ್ನು ಬಗ್ಗಿ ನೋಡಿ, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳುತ್ತಾರೆ: “ಬೆಳಿಗ್ಗೇನೇ ಎಣ್ಣೆ ಬಿಟ್ಟಿದ್ರೆ ಆಗ್ಲೇ ಬರ್ತಿತ್ತು.”