ಛತ್ರಿ ಹಿಡಿದ ಮುದುಕ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಹಾಲ್‌ ಗೋಡೆಯ ಮೇಲೆ ಒಬ್ಬ ಮುದುಕ ಬಂದು ನಿಂತಿದ್ದ. ಕೈಯಲ್ಲಿ ಛತ್ರಿ. ಸೊಂಟ ಸ್ವಲ್ಪ ಬಾಗಿದೆ. ಕಾಲು ಕಾಣುವುದಿಲ್ಲ, ಆದರೆ ಪಂಚೆ ಇದೆ. ಟೀವಿಯ ಮೇಲೆ, ಗಡಿಯಾರದ ಎಡಕ್ಕೆ, ಬಾರದ ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ. ಮೊದಲ ದಿನ ಅದು ಬರೀ ತೇವದ ಮಚ್ಚೆ. ಒಂದು ವಾರದಲ್ಲಿ ಅಂಚು ಕಂದುಬಣ್ಣಕ್ಕೆ ತಿರುಗಿತು, ನಡುವೆ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಆಮೇಲೊಂದು ಸಂಜೆ ಸುದ್ದಿ ನೋಡುತ್ತಾ ಕೂತಿದ್ದಾಗ ಮುದುಕ ಕಾಣಿಸಿಬಿಟ್ಟ. ಒಂದು ಸಲ ಕಂಡ ಮೇಲೆ ಮುಗಿಯಿತು. ಏನು ಮಾಡಿದರೂ ಅವನನ್ನು ಮತ್ತೆ ಮಚ್ಚೆ ಮಾಡಲು ನನ್ನಿಂದ ಆಗಲಿಲ್ಲ.

ಮನೆಯವರನ್ನು ಕೇಳಿದೆ. ಮಗಳು ಡೈನೋಸಾರ್ ಅಂದಳು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಯಾರೋ ತೊಟ್ಟಿಲು ತೂಗ್ತಿದಾರೆ" ಅಂದರು. ಹೆಂಡತಿ ತಲೆ ಎತ್ತಲಿಲ್ಲ. "ಅದು ಮೇಲಿನ ಮನೆಯವರ ಬಾತ್‌ರೂಮು" ಅಂದಳು. ನಮ್ಮ ಮನೆಯಲ್ಲಿ ವಾಸ್ತವವಾದಿ ಅಂದರೆ ಅವಳೊಬ್ಬಳೇ.

ಇಂಥ ಮಚ್ಚೆಗೆ ಕನ್ನಡದಲ್ಲಿ ಕಲೆ ಅಂತಲೂ ಹೆಸರಿದೆಯಲ್ಲ, ಅದನ್ನಿಟ್ಟುಕೊಂಡು ನಾನೊಂದು ಜೋಕ್ ಮಾಡಿದೆ. ಯಾರೂ ನಗಲಿಲ್ಲ. ಹಾಗಾಗಿ ಇಲ್ಲಿ ಮತ್ತೆ ಹೇಳುವುದಿಲ್ಲ.

ನನ್ನ ಪರವಾಗಿ ಲಿಯೊನಾರ್ಡೊ ಡ ವಿಂಚಿ ಇದ್ದಾನೆ ಅನ್ನುವುದು ಒಂದು ಸಮಾಧಾನ. ಚಿತ್ರ ಬರೆಯುವವರಿಗಾಗಿ ಅವನು ಬರೆದಿಟ್ಟ ಟಿಪ್ಪಣಿಗಳಲ್ಲಿ ಈ ಮಾತು ಬರುತ್ತದೆ. ಕಲೆ ಬಿದ್ದ ಗೋಡೆಯನ್ನು ನೋಡುತ್ತಾ ಕೂತರೆ ಅಲ್ಲಿ ಬೆಟ್ಟ, ಹೊಳೆ, ಮರ, ಯುದ್ಧ, ವಿಚಿತ್ರ ಮುಖಗಳು ಎಲ್ಲಾ ಸಿಗುತ್ತವೆ. ಗಂಟೆಯ ಸದ್ದಿನಲ್ಲಿ ನಾವು ನೆನೆದ ಹೆಸರೇ ಕೇಳಿಸುತ್ತದಲ್ಲ, ಹಾಗೆ. ಇದು ನನಗೆ ತಕ್ಷಣ ಅರ್ಥವಾಯಿತು. ಚಿಕ್ಕವನಿದ್ದಾಗ ನಾವು ಅರಸೀಕೆರೆಗೆ ಹೋಗುತ್ತಿದ್ದ ಪ್ಯಾಸೆಂಜರ್ ರೈಲು ದಾರಿಯುದ್ದಕ್ಕೂ "ಕಡ್ಲೆಪುರಿ ತಗೋ, ಕಡ್ಲೆಪುರಿ ತಗೋ" ಅನ್ನುತ್ತಿತ್ತು. ಅಪ್ಪನಿಗೆ ಮಾತ್ರ ಅದು ಯಾವತ್ತೂ ಕೇಳಿಸಲಿಲ್ಲ.

ಅದೇ ಲಿಯೊನಾರ್ಡೊ ಇನ್ನೊಂದು ಕಡೆ ತನ್ನ ಕಾಲದ ಚಿತ್ರಕಾರ ಬೊಟಿಚೆಲ್ಲಿಯ ಕಾಲೆಳೆಯುತ್ತಾನೆ. ಬಣ್ಣದಲ್ಲಿ ಅದ್ದಿದ ಸ್ಪಂಜನ್ನು ಗೋಡೆಗೆ ಎಸೆದರೆ ಸಾಕು, ಅಲ್ಲೇ ಒಂದು ಒಳ್ಳೆಯ ಬೆಟ್ಟಬಯಲಿನ ಚಿತ್ರ ಕಾಣುತ್ತದೆ ಅಂತ ಬೊಟಿಚೆಲ್ಲಿ ಹೇಳಿದ್ದನಂತೆ. ಕಾಣುತ್ತದೆ ಸರಿ, ಕಂಡದ್ದನ್ನು ಮುಗಿಸುವುದು ಹೇಗೆ ಅಂತ ಆ ಮಚ್ಚೆ ಹೇಳಿಕೊಡುತ್ತದಾ ಅನ್ನುವುದು ಲಿಯೊನಾರ್ಡೊನ ತಕರಾರು. ಜೊತೆಗೆ, ಆ ಮನುಷ್ಯನ ಬೆಟ್ಟಬಯಲುಗಳು ತೀರಾ ಸಾಧಾರಣ ಅಂತ ಒಂದು ಕೊಸರು. ಕಲಾವಿದರು ಒಬ್ಬರನ್ನೊಬ್ಬರು ಆಡಿಕೊಳ್ಳುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ.

ಮುಗಿಸುವುದು ಹೇಗೆ ಅನ್ನುವ ಮಾತು ಬಂದಾಗ ನನ್ನ ಚಿತ್ರಕಾರ ಗೆಳೆಯ ನೆನಪಾಗುತ್ತಾನೆ. ಬೆಂಗಳೂರಿನ ಹೊರವಲಯದಲ್ಲಿ, ಮೂರನೇ ಮಹಡಿಯ ಮೇಲೆ ಶೀಟ್ ಹಾಕಿದ ಒಂದು ಕೋಣೆ ಅವನ ಸ್ಟುಡಿಯೋ. ಮೆಟ್ಟಿಲು ಹತ್ತುವಾಗಲೇ ಟರ್ಪೆಂಟೈನ್ ವಾಸನೆ ಮೂಗಿಗೆ ಹೊಡೆಯುತ್ತದೆ. ಬಾಡಿಗೆಗೆ ಬಂದ ಹೊಸದರಲ್ಲಿ ಮನೆ ಓನರ್ "ಏನ್ ಕೆಲಸ ಮಾಡ್ಕೊಂಡಿದೀಯಪ್ಪಾ?" ಅಂತ ಕೇಳಿದರಂತೆ. ಇವನು "ಪೇಂಟರ್" ಅಂದ. "ಹೌದಾ, ಎರಡು ರೂಮು ಒಂದು ಹಾಲ್‌ಗೆ ಎಷ್ಟು ತಗೋತೀಯಾ?" ಅಂದರಂತೆ. ನಾನಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದೆ. ಇವನು ನಕ್ಕ. "ತಪ್ಪೇನಿದೆ ಮಾರಾಯ, ನಾವೂ ಇಂಚಿನ ಲೆಕ್ಕಕ್ಕೇ ರೇಟು ಹೇಳೋದು" ಅಂತಾನೆ.

ಹೋದ ವರ್ಷ ಜೂನ್‌ನಲ್ಲಿ ಹೋದಾಗ ಈಸಲ್ ಮೇಲೆ ಐದಡಿ ಎತ್ತರದ ಕ್ಯಾನ್ವಾಸ್ ಇತ್ತು. ಅದರಲ್ಲಿ ಅವನ ಅಜ್ಜಿ. ಒಂದು ಮಂಡಿ ಮಡಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊರದಲ್ಲಿ ಅಕ್ಕಿ ಕೇರುತ್ತಾ ಕೂತಿದ್ದರು. ಮೂಗುಬೊಟ್ಟಿನ ಮೇಲೆ ಬೆಳಕಿನ ಒಂದು ಚುಕ್ಕಿ ಬೇರೆ. ನಾನು "ಎಷ್ಟು ಚೆನ್ನಾಗಿದೆ!" ಅಂದೆ. ಅವನು ಹಾಗಲಕಾಯಿ ಕಚ್ಚಿದ ಮುಖ ಮಾಡಿದ.

"ಅದೇ ಕಣೋ ತೊಂದರೆ. ನೋಡಿದ ತಕ್ಷಣ 'ಓ, ಅಜ್ಜಿ' ಅಂತಾರೆ. ಪಕ್ಕದ ಚಿತ್ರಕ್ಕೆ ಹೋಗ್ತಾರೆ. ಅಲ್ಲಿಗೆ ಮುಗೀತು."

ಎರಡನೇ ಸಲ ಹೋದಾಗ ಅಜ್ಜಿಗೆ ಮುಖವಿರಲಿಲ್ಲ. ಹಳೇ ಬನಿಯನ್ ಬಟ್ಟೆಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಒರೆಸಿದ್ದ. ಮಂಡಿ, ಮೊಣಕೈ, ಮೊರದ ಅಂಚು ಮಾತ್ರ ಉಳಿದಿದ್ದವು. ಒರೆಸಿದ ಜಾಗದಲ್ಲಿ ಮೂಗುಬೊಟ್ಟಿನ ಬೆಳಕು ಒಂದು ಹಳದಿ ಗೀಟಾಗಿ ಎಳೆದುಕೊಂಡು ಹೋಗಿತ್ತು. ನನಗೆ ಹೊಟ್ಟೆ ಉರಿದುಹೋಯಿತು. ಅವರ ಕೈಯ ಕೋಡುಬಳೆ ತಿಂದವನು ನಾನು.

ಹೀಗೆ ಒರೆಸುವ, ಕೆರೆಯುವ ಹುಚ್ಚು ದೊಡ್ಡವರಿಗೂ ಇತ್ತು. ಅಮೆರಿಕದಲ್ಲಿ ನೆಲೆಸಿದ ಡಚ್ ಚಿತ್ರಕಾರ ವಿಲೆಮ್ ಡ ಕೂನಿಂಗ್ 1950ರಲ್ಲಿ ಒಬ್ಬ ಹೆಂಗಸಿನ ಚಿತ್ರ ಶುರು ಮಾಡಿದ. ಆಗ ನ್ಯೂಯಾರ್ಕ್‌ನಲ್ಲಿ ಅಮೂರ್ತದ, ಅಂದರೆ ಯಾವ ವಸ್ತುವನ್ನೂ ತೋರಿಸದ ಚಿತ್ರಗಳ ಅಬ್ಬರ. ಆಕೃತಿ ಬರೆಯುವವರು ಹಿಂದುಳಿದವರು ಅಂತ ಲೆಕ್ಕ. ಇವನು ಅವಳನ್ನು ಬರೆದ, ಕೆರೆದ, ಮತ್ತೆ ಬರೆದ. ಹೆಚ್ಚುಕಡಿಮೆ ಎರಡು ವರ್ಷ ಇದೇ ಆಯಿತು. ನಡುವೆ ಬೇಸತ್ತು ಮೂಲೆಗೂ ಹಾಕಿದ್ದ. ಮೇಯರ್ ಶಪೀರೊ ಅನ್ನುವ ಕಲಾ ಇತಿಹಾಸಕಾರ ಸ್ಟುಡಿಯೋಗೆ ಬಂದು, ಆ ಚಿತ್ರ ಎಲ್ಲಿ ಅಂತ ಕೇಳಿ ಮಾತಾಡಿದ ಮೇಲೆ ಹೊರಗೆ ತೆಗೆದು ಮುಗಿಸಿದ. ಈಗ ಅವಳು ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಹಲ್ಲು ಕಿರಿದುಕೊಂಡು ಕೂತಿದ್ದಾಳೆ. ಬಣ್ಣದ ಗಲಾಟೆಯ ಒಳಗಿಂದ ನಮ್ಮನ್ನೇ ನೋಡುತ್ತಾಳೆ. ಪೂರ್ತಿ ಹೊರಗೂ ಬರುವುದಿಲ್ಲ, ಒಳಗೂ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ಅರ್ಧ ಗಂಟೆ ಮಾತಾಡಿ "ಬರ್ತೀನಿ" ಅನ್ನುವ ನೆಂಟರ ಹಾಗೆ.

ಚಿತ್ರದ ಮುಂದೆ ನಿಂತು ನಾವೆಲ್ಲ ಕೇಳುವ ಪ್ರಶ್ನೆ ಒಂದೇ: "ಏನಿದು?" ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದರೆ ದಿನಕ್ಕೆ ಸಾವಿರ ಸಲ ಇದು ಕಿವಿಗೆ ಬೀಳುತ್ತದೆ. ಕೇಳುವುದಕ್ಕೆ ನಾಚಿಕೆಪಡಬೇಕಾಗಿಲ್ಲ. ಅಮೂರ್ತ ಚಿತ್ರದ ಹಿರಿಯಜ್ಜ ಅನ್ನಬಹುದಾದ ಕಾಂಡಿನ್‌ಸ್ಕಿಯೇ ಇದನ್ನು ಕೇಳಿದವನು. ಕಾನೂನು ಓದಿ ಮುಗಿಸಿ ಮಾಸ್ಕೋದಲ್ಲಿದ್ದ ದಿನಗಳಲ್ಲಿ ಅವನು ಫ್ರೆಂಚರ ಒಂದು ಪ್ರದರ್ಶನಕ್ಕೆ ಹೋಗಿ ಮೋನೆಯ ಚಿತ್ರದ ಮುಂದೆ ನಿಂತ. ಏನೂ ತಿಳಿಯಲಿಲ್ಲ. ಕ್ಯಾಟಲಾಗ್ ನೋಡಿದ ಮೇಲೆ ಗೊತ್ತಾಯಿತು, ಅದು ಹುಲ್ಲಿನ ಬಣವೆ. ಇಷ್ಟು ಅಸ್ಪಷ್ಟವಾಗಿ ಬರೆಯಲು ಇವನಿಗೆ ಹಕ್ಕೇ ಇಲ್ಲ ಅಂತ ಸಿಟ್ಟು ಬಂತಂತೆ. ಆದರೆ ಬಣವೆ ತಲೆಯಿಂದ ಇಳಿಯಲಿಲ್ಲ. ಮುಂದೆ ಮ್ಯೂನಿಕ್‌ನಲ್ಲಿ ತಾನೇ ಚಿತ್ರಕಾರನಾದ ಮೇಲೆ, ಒಂದು ಸಂಜೆ ಮಬ್ಬುಗತ್ತಲಲ್ಲಿ ಸ್ಟುಡಿಯೋಗೆ ಬಂದರೆ ಗೋಡೆಗೆ ಒರಗಿಸಿದ್ದ ಒಂದು ಚಿತ್ರ ಒಳಗಿನಿಂದ ಉರಿಯುವ ಹಾಗೆ ಹೊಳೆಯುತ್ತಿತ್ತು. ಯಾವ ವಸ್ತುವೂ ಇಲ್ಲ, ಬರೀ ಬಣ್ಣ. ಹತ್ತಿರ ಹೋಗಿ ನೋಡಿದರೆ ಅವನದೇ ಚಿತ್ರ, ಅಡ್ಡಲಾಗಿ ಇಟ್ಟದ್ದು! ಮಾರನೇ ದಿನ ಬೆಳಕಿನಲ್ಲಿ ಎಷ್ಟು ತಿರುಗಿಸಿ ನೋಡಿದರೂ ಹಿಂದಿನ ಸಂಜೆಯ ಚಿತ್ರ ಸಿಗಲಿಲ್ಲ. ವಸ್ತುಗಳು ಮತ್ತೆ ಕಣ್ಣಿಗೆ ಅಡ್ಡ ಬಂದವು. ನನ್ನ ಮುದುಕ ನನಗೆ ಅಡ್ಡ ಬಂದಂತೆ.

ಇದಕ್ಕೆ ಇನ್ನೊಂದು ದಾರಿಯೂ ಇದೆ. ನಮ್ಮ ಎಸ್.ಜಿ. ವಾಸುದೇವ್ ಅವರದು. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮದರಾಸಿನ ಕಲಾಶಾಲೆಯಲ್ಲಿ ಕಲಿತು, 1966ರಲ್ಲಿ ಚೋಳಮಂಡಲ ಕಲಾಗ್ರಾಮ ಕಟ್ಟಿದವರಲ್ಲಿ ಒಬ್ಬರಾದವರು. ಬೇಂದ್ರೆಯವರ 'ಕಲ್ಪವೃಕ್ಷ ವೃಂದಾವನ' ಅವರಿಗೆ ಮರದ ಒಂದು ಇಡೀ ಚಿತ್ರಸರಣಿಯನ್ನೇ ಕೊಟ್ಟಿತು. ಆ 'ವೃಕ್ಷ'ಗಳ ಮುಂದೆ ದೂರದಲ್ಲಿ ನಿಂತರೆ ಒಂದು ಮರ. ಹತ್ತಿರ ಹೋದರೆ ಎಲೆ ಯಾವುದು, ಹಕ್ಕಿ ಯಾವುದು ಅಂತ ಅನುಮಾನ. ಅಲ್ಲಿ ಕಂಡರೆ ಖುಷಿ, ಕಾಣದಿದ್ದರೂ ನಷ್ಟವಿಲ್ಲ. ಕಂಡದ್ದನ್ನು ಒರೆಸಿ ಅಂತ ಯಾರೂ ಹೇಳುವುದಿಲ್ಲ. ನನ್ನಂಥವರಿಗೆ ಇದೇ ಒಗ್ಗುತ್ತದೆ. ಗೆಳೆಯನಿಗೆ ಹಾಗಂದೆ. ಅವನು "ಅದು ಅವರ ಮರ, ಇದು ನಮ್ಮಜ್ಜಿ" ಅಂದ.

ಮೂರನೇ ಸಲ ನಾನು ಜಗಳಕ್ಕೇ ಹೋದೆ. "ಒರೆಸಿ ಹಾಕೋದಾದರೆ ಬರೆದದ್ದು ಯಾಕೆ? ಸೀದಾ ಬೂದುಬಣ್ಣ ಬಳಿದಿದ್ದರೆ ಆಗ್ತಿತ್ತಲ್ವಾ?" ಅವನು ಉತ್ತರ ಕೊಡದೆ ಒಂದು ಪುಸ್ತಕ ತೆಗೆದು ಮುಂದಿಟ್ಟ. ಜರ್ಮನ್ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ 2014ರಲ್ಲಿ ಬರೆದ ನಾಲ್ಕು ದೊಡ್ಡ ಚಿತ್ರಗಳು. ಕಪ್ಪು, ಬೂದು, ನಡುನಡುವೆ ಕೆಂಪು, ಹಸಿರು. ರಿಕ್ಟರ್ ಕುಂಚ ಬಿಟ್ಟು, ತನ್ನಷ್ಟೇ ಉದ್ದದ ಪಟ್ಟಿಯೊಂದರಿಂದ ಹಸಿ ಬಣ್ಣವನ್ನು ಕ್ಯಾನ್ವಾಸಿನುದ್ದಕ್ಕೂ ಎಳೆಯುತ್ತಿದ್ದ. ಪಟ್ಟಿ ಒಂದು ಪದರವನ್ನು ಬಳಿಯುತ್ತದೆ, ಹೋಗುತ್ತಾ ಕೆಳಗಿನದನ್ನು ಕಿತ್ತು ತರುತ್ತದೆ. ಏನು ಉಳಿಯುತ್ತದೆ ಅನ್ನುವುದು ಎಳೆಯುವವನಿಗೂ ಪೂರ್ತಿ ಗೊತ್ತಿರುವುದಿಲ್ಲ. ಆ ನಾಲ್ಕು ಚಿತ್ರಗಳ ತಳದಲ್ಲಿ ನಾಲ್ಕು ಫೋಟೋಗಳಿವೆ. 1944ರಲ್ಲಿ, ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಲ್ಲುತ್ತಿದ್ದ ಬಿರ್ಕೆನೌ ಶಿಬಿರದ ಕೈದಿಗಳೇ ಜೀವದ ಹಂಗು ತೊರೆದು ಗುಟ್ಟಾಗಿ ತೆಗೆದು ಹೊರಗೆ ಸಾಗಿಸಿದ ಫೋಟೋಗಳು. ರಿಕ್ಟರ್ ಮೊದಲು ಅವನ್ನು ಕ್ಯಾನ್ವಾಸಿನ ಮೇಲೆ ಬರೆದ. ಆಮೇಲೆ ಅದರ ಮೇಲೆ ಪದರದ ಮೇಲೆ ಪದರ ಎಳೆದ. ಕೊನೆಗೆ ಒಂದು ಗೆರೆಯೂ ಕಾಣದಾಯಿತು. ಚಿತ್ರಗಳಿಗೆ ಇಟ್ಟ ಹೆಸರು ಮಾತ್ರ ಬಿರ್ಕೆನೌ.

ನಾನು ಪುಸ್ತಕ ಮುಚ್ಚಿಟ್ಟೆ. ಆವತ್ತು ಮತ್ತೆ ಜಗಳವಾಡಲಿಲ್ಲ. ಕಾಫಿ ಕುಡಿದು ಬಂದೆ.

ನಾಲ್ಕನೇ ಸಲ ಹೋದದ್ದು ದೀಪಾವಳಿ ಆದಮೇಲೆ. ನನ್ನ ಕಣ್ಣಿಗೆ ಅಜ್ಜಿ ಪೂರ್ತಿ ಹೋಗಿದ್ದರು. ಮಂಡಿ ಇಲ್ಲ, ಮೊಣಕೈ ಇಲ್ಲ. ಒದ್ದೆ ಬೂದಿಯ ಬಣ್ಣದ ಒಂದು ಬಯಲು. ಅದರಲ್ಲಿ ಓರೆಯಾಗಿ ಒಂದು ಕಂದು ಪಟ್ಟೆ. ಅದರ ಮೇಲೆ ಬಿಳಿಯ ಸಣ್ಣ ಸಣ್ಣ ಗೀಟುಗಳು, ಒಂದು ಕಡೆಗೆ ಚೆದುರಿದವು. ನಾವಿಬ್ಬರೂ ಸುಮ್ನೆ ಕೂತಿದ್ದೆವು. ಅಷ್ಟರಲ್ಲಿ ಮಹಡಿ ಗುಡಿಸಲು ಬರುವ ಹೆಂಗಸು ಪೊರಕೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನೋಡಿದಳು.

"ಅಕ್ಕಿ ಕೇರ್ತಾವ್ರೆ ಅಲ್ವಾ ಸಾ? ಹೊಟ್ಟು ಈ ಕಡೀಕೆ ಹಾರ್ತಾ ಐತೆ."

ಗೆಳೆಯ ಕೂತಲ್ಲಿಂದ ಎದ್ದ. "ಯಾರಮ್ಮ ಕೇರ್ತಿರೋದು?"

ಅವಳು ಇನ್ನೊಂದು ಸಲ ನೋಡಿದಳು. "ಯಾರೂ ಇಲ್ವಲ್ಲ ಸಾ. ಕೇರ್ತಾವ್ರೆ, ಅಷ್ಟೇಯ" ಅಂದು ಗುಡಿಸಲು ಹೋದಳು.

ಮನೆಗೆ ಬರುವ ಬಸ್ಸಿನಲ್ಲಿ ನಾನು ಇದನ್ನೇ ಯೋಚಿಸುತ್ತಿದ್ದೆ. ಕನ್ನಡದಲ್ಲಿ ನಾವು ದಿನವಿಡೀ ಮಾಡುವುದು ಇದನ್ನೇ ಅಲ್ವಾ. ಮಾಡಿದವರು ಯಾರು ಅಂತ ಹೇಳುವುದೇ ಇಲ್ಲ. "ಊಟ ಆಯ್ತಾ?" ಯಾರದು? "ಕರೀತಿದಾರೆ ನೋಡು." ಯಾರು? ಶಾಲೆಯಲ್ಲಿ ಮೇಷ್ಟ್ರು ಕರ್ತೃ, ಕರ್ಮ, ಕ್ರಿಯಾಪದ ಅಂತ ಮೂರು ಗೆರೆ ಎಳೆಸುತ್ತಿದ್ದರು. ಮನೆಯ ಮಾತಿನಲ್ಲಿ ಕರ್ತೃವನ್ನು ತೆಗೆದು ಪಕ್ಕಕ್ಕಿಟ್ಟರೂ ವಾಕ್ಯ ಬೀಳುವುದಿಲ್ಲ. ಗೆಳೆಯ ಆರು ತಿಂಗಳು ಬನಿಯನ್ ಬಟ್ಟೆ ಹಿಡಿದುಕೊಂಡು ಒದ್ದಾಡಿದ್ದು ಇದಕ್ಕೇ ಇರಬೇಕು. ಅಜ್ಜಿ ಹೋಗಬೇಕು, ಕೇರುವುದು ನಿಲ್ಲಬಾರದು. ಹೀಗಂತ ಫೋನ್ ಮಾಡಿ ಹೇಳಿದೆ. "ಇರಬಹುದೇನೋ ಮಾರಾಯ, ನಾನು ವ್ಯಾಕರಣದಲ್ಲಿ ಫೇಲು" ಅಂದ. ಆದರೆ ಮಾರನೇ ದಿನವೇ ಚಿತ್ರದ ಮೂಲೆಯಲ್ಲಿ ಸಹಿ ಹಾಕಿದನಂತೆ.

ನಮ್ಮ ಗೋಡೆಯ ಕತೆ ಇಷ್ಟು ಉದ್ದವಿಲ್ಲ. ಬೇಸಿಗೆಯಲ್ಲಿ ಮೇಲಿನ ಮನೆಯವರು ಪೈಪ್ ಬದಲಾಯಿಸಿದರು, ಅಥವಾ ಬದಲಾಯಿಸಿದೆವು ಅಂದರು. ಒಬ್ಬ ಪೇಂಟರ್ ಬಂದ. ಇವನು ಎರಡು ರೂಮು ಒಂದು ಹಾಲ್‌ನ ಪೇಂಟರ್. ಟೀವಿಗೆ ಹಳೇ ಬೆಡ್‌ಶೀಟ್ ಹೊದಿಸಿ, ಪಟ್ಟಿ ಹಿಡಿದು ಕೆರೆಯತೊಡಗಿದ. ಮೊದಲು ಪಂಚೆ ಉದುರಿತು. ಆಮೇಲೆ ಬೆನ್ನು. ನಾನು ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತಿದ್ದೆ. ಅವನಿಗೆ ನನ್ನ ಮೇಲೆ ಅನುಮಾನ ಬಂದಿರಬೇಕು, ಕೆಲಸ ಕಳ್ಳತನ ಮಾಡದಂತೆ ಕಾಯುತ್ತಿದ್ದೇನೆ ಅಂತ. "ಚೆನ್ನಾಗೇ ಕೆರೀತೀನಿ ಸಾರ್, ನೀವು ಒಳಗೆ ಕೂತ್ಕೊಳ್ಳಿ" ಅಂದ. ಕಾಲು ಗಂಟೆಯಲ್ಲಿ ಮುದುಕ ನೆಲದ ಮೇಲೆ ಪುಡಿಯಾಗಿ ಬಿದ್ದಿದ್ದ. ಪುಟ್ಟಿ, ಪ್ರೈಮರ್, ಮೇಲೆ ಎರಡು ಕೋಟ್ ಕೆನೆಬಣ್ಣ. ಗೋಡೆ ಹೊಸ ಮದುಮಗನ ಪಂಚೆಯ ಹಾಗಾಯಿತು. ಹೆಂಡತಿಗೆ ಖುಷಿಯೋ ಖುಷಿ. ನನಗೆ ಮಾತ್ರ ಸುದ್ದಿ ನೋಡುವಾಗ ಕಣ್ಣಿಗೆ ಕೆಲಸವೇ ಇಲ್ಲದ ಹಾಗಾಯಿತು.

ಈ ವರ್ಷ ಮಳೆ ಸ್ವಲ್ಪ ಜಾಸ್ತಿಯೇ ಬಂತು. ಮೊನ್ನೆ ರಾತ್ರಿ ಹೆಂಡತಿ ಗಡಿಯಾರದ ಕಡೆ ನೋಡುತ್ತಾ, "ರೀ, ಇಲ್ಲಿ ಬನ್ನಿ" ಅಂತ ಕರೆದಳು. ದನಿಯಲ್ಲಿ ಮೇಲಿನ ಮನೆಯವರ ಮೇಲಿನ ಸಿಟ್ಟೆಲ್ಲ ಇತ್ತು. ಹೋಗಿ ನೋಡಿದೆ. ಗಡಿಯಾರದ ಎಡಕ್ಕೆ, ಒಂದು ಗೇಣು ಮೇಲೆ, ಕೆನೆಬಣ್ಣದ ಅಡಿಯಿಂದ ಕಮಾನಿನ ಹಾಗೆ ಒಂದು ಕಂದು ಗೆರೆ ಎದ್ದಿತ್ತು.

ಮುದುಕ ಇನ್ನೂ ಬಂದಿಲ್ಲ. ಛತ್ರಿ ಬಂದಿದೆ.